ಹಲವು ಕಾರ್ಯಗಳ ಏಕಕಾಲದ ನಿರ್ವಹಣೆ
(ಉಪನ್ಯಾಸದ ಬರಹರೂಪ)



ಜೀಡಿಮೆಟ್ಲಾ ಕೈಗಾರಿಕಾ ವಸಾಹತಿನ ಪರಿಚಯವನ್ನು ಈ ಸಭೆಗೆ ಮಾಡಿಕೊಡುವ ಅವಶ್ಯಕತೆಯಿಲ್ಲ. ಇಲ್ಲಿ ನೆರೆದಿರುವ ಎಷ್ಟೋ ಕುಟುಂಬಗಳ ಅನ್ನ ಅಲ್ಲಿಂದಲೇ ಬರುತ್ತದೆ. 1961ರಲ್ಲಿ ಸ್ಥಾಪನೆಗೊಂಡ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯು ಪಕ್ಕದ ಬಾಲಾನಗರದಲ್ಲಿ ತನ್ನ ಔಷಧ ಕಾರ್ಖಾನೆಯನ್ನು ತೆರೆದ ಮೇಲೆ ಈ ಭಾಗಕ್ಕೆ ಔಷಧ ರಸಾಯನದ ವಿದ್ಯೆ ಬಂದಿತು. ಅಲ್ಲಿ ದುಡಿದು ಕೈ ಪಳಗಿಸಿಕೊಂಡವರು ಹೊರಬಂದು ತಮ್ಮದೇ ಘಟಕಗಳನ್ನು ಕಟ್ಟಿದರು. 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆಯನ್ನು ಸ್ಥಾಪಿಸಿದ ಡಾ. ಅಂಜಿ ರೆಡ್ಡಿಯವರೂ ಅದೇ ಕಾರ್ಖಾನೆಯಲ್ಲಿ ದುಡಿದವರೇ. ಅಂದಿನಿಂದ ಈ ಪ್ರದೇಶದ ಜನರಿಗೆ ರಿಯಾಕ್ಟರ್, ಬ್ಯಾಚ್, ಪಾಳಿ ಎಂಬ ಪದಗಳು ಮನೆಮಾತಾಗಿವೆ.

ಈ ಪರಿಸರದಲ್ಲಿ ದುಡಿಯುವ ಗೃಹಸ್ಥರ ಬಾಯಲ್ಲಿ ಈಗ ಪದೇ ಪದೇ ಕೇಳಿಬರುವ ದೂರು ಒಂದಿದೆ. ಹಿಂದೆ ಒಬ್ಬ ನೌಕರನಿಗೆ ಒಂದು ಕೆಲಸವಿತ್ತು. ಅದು ಮುಗಿದ ಮೇಲೆ ಮತ್ತೊಂದು ಬರುತ್ತಿತ್ತು. ಈಗ ಒಬ್ಬನ ಕೈಯಲ್ಲಿ ಏಕಕಾಲಕ್ಕೆ ಮೂರು ನಾಲ್ಕು ಯೋಜನೆಗಳಿರುತ್ತವೆ. ಒಂದರ ಲೆಕ್ಕ ಒಪ್ಪಿಸಬೇಕು, ಇನ್ನೊಂದರ ಯಂತ್ರ ಕೂಡಿಸಬೇಕು, ಮತ್ತೊಂದಕ್ಕೆ ತಪಾಸಣೆಯವರು ಬರುವವರಿದ್ದಾರೆ. ಇದರ ನಡುವೆ ಮನೆಯಲ್ಲಿ ಮಗಳ ಪರೀಕ್ಷೆ, ತಂದೆಯವರ ಔಷಧೋಪಚಾರ, ಊರಿನಲ್ಲಿ ತಿಥಿ. ರಾತ್ರಿ ತಟ್ಟೆಯ ಮುಂದೆ ಕುಳಿತವನ ಎಡಗೈಯಲ್ಲಿ ಫೋನು. ರಾಯಚೂರಿನಿಂದ ಬಂದ ತಾಯಿ, "ಏನಪಾ, ಊಟಕ್ಕ ಕೂತಾಗರ ಅದನ್ನ ಬಾಜೂಕ ಇಡಬಾರ್ದೇನು?" ಎಂದರೆ ಅದಕ್ಕೆ ಉತ್ತರವಿಲ್ಲ.

ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಹೇಳುವುದು ಸಮಯಪಾಲನೆಯನ್ನು. ಬೇಗ ಏಳಬೇಕು, ಪಟ್ಟಿ ಮಾಡಿಕೊಳ್ಳಬೇಕು, ಮುಖ್ಯವಾದುದನ್ನು ಮೊದಲು ಮಾಡಬೇಕು ಎಂಬ ಉಪದೇಶ. ಅದು ತಪ್ಪಲ್ಲ, ಆದರೆ ಬೇಗ ಎದ್ದು ಪಟ್ಟಿ ಮಾಡಿಕೊಂಡವರೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಿರುವುದನ್ನು ನೋಡಿದರೆ ತೊಂದರೆಯ ಮೂಲ ಬೇರೆ ಕಡೆ ಇದೆಯೆಂದು ತೋರುತ್ತದೆ. ಕೆಲಸಗಳ ಸಂಖ್ಯೆಗಿಂತ ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವ ಆ ನಡುವಿನ ಜಾಗವೇ ಮನುಷ್ಯನನ್ನು ದಣಿಸುತ್ತದೆ. ಆ ಜಾಗದ ಬಗ್ಗೆ ಯಾರೂ ಲೆಕ್ಕ ಇಡುವುದಿಲ್ಲ.

ಆ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವ ಸ್ಥಳವೊಂದು ಇದೇ ಜೀಡಿಮೆಟ್ಲಾದಲ್ಲಿದೆ. ಅದು ಔಷಧದ ಮೂಲದ್ರವ್ಯ ತಯಾರಿಸುವ ಕಾರ್ಖಾನೆಯ ಅಂಕಣ. ಇಂಥ ಕಾರ್ಖಾನೆಗಳಲ್ಲಿ ಪ್ರತಿಯೊಂದು ಔಷಧಕ್ಕೂ ಪ್ರತ್ಯೇಕ ರಿಯಾಕ್ಟರ್ ಇರುವುದು ಅಪರೂಪ. ಒಂದೇ ಪಾತ್ರೆಯಲ್ಲಿ ಈ ತಿಂಗಳು ಒಂದು ದ್ರವ್ಯ, ಮುಂದಿನ ತಿಂಗಳು ಮತ್ತೊಂದು. ಒಂದು ದ್ರವ್ಯದ ಹಲವಾರು ಬ್ಯಾಚುಗಳನ್ನು ಸಾಲಾಗಿ ಮುಗಿಸಿ, ಅನಂತರ ಪಾತ್ರೆಯನ್ನು ಬೇರೆಯದಕ್ಕೆ ತಿರುಗಿಸುತ್ತಾರೆ. ಈ ಸಾಲಿಗೆ ಅಲ್ಲಿನವರು ಕ್ಯಾಂಪೇನ್ ಎನ್ನುತ್ತಾರೆ. ಎರಡು ಸಾಲುಗಳ ನಡುವೆ ನಡೆಯುವ ಕಾರ್ಯವೇ ಗಮನಾರ್ಹವಾದುದು. ರಿಯಾಕ್ಟರನ್ನೂ, ಅದರ ಕೊಳವೆಗಳನ್ನೂ, ಸೆಂಟ್ರಿಫ್ಯೂಜನ್ನೂ, ಡ್ರೈಯರನ್ನೂ ದ್ರಾವಕದಿಂದ, ನೀರಿನಿಂದ ತೊಳೆಯುತ್ತಾರೆ. ತೊಳೆದ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಪಾತ್ರೆಯ ಒಳಮೈಯನ್ನು ಸ್ವಾಬಿನಿಂದ ಒರೆಸಿ ಅದನ್ನೂ ಪರೀಕ್ಷಿಸುತ್ತಾರೆ. ಹಿಂದಿನ ದ್ರವ್ಯದ ಶೇಷವು ಹತ್ತು ಲಕ್ಷದಲ್ಲಿ ಹತ್ತು ಭಾಗವನ್ನೂ ಮೀರಬಾರದೆಂಬ ಮಿತಿ ಬಹಳ ಕಡೆ ರೂಢಿಯಲ್ಲಿದೆ. ಗುಣಮಟ್ಟ ವಿಭಾಗದವರ ಸಹಿ ಬೀಳುವವರೆಗೂ ಮುಂದಿನ ದ್ರವ್ಯವನ್ನು ಆ ಪಾತ್ರೆಗೆ ಹಾಕುವಂತಿಲ್ಲ. ಇದಕ್ಕೆ ಒಂದು ದಿನ ಹಿಡಿಯಬಹುದು, ಶೇಷ ಹೋಗದಿದ್ದರೆ ಇನ್ನೂ ಹೆಚ್ಚು ಹಿಡಿಯಬಹುದು. ಆ ಅವಧಿಯಲ್ಲಿ ಒಂದು ಗ್ರಾಮಿನಷ್ಟು ಸರಕೂ ಹೊರಬರುವುದಿಲ್ಲ. ಆದರೂ ಬುದ್ಧಿವಂತ ಯೋಜಕನು ತನ್ನ ತಿಂಗಳ ಪಟ್ಟಿಯಲ್ಲಿ ಮೊದಲು ಬರೆಯುವುದು ಈ ತೊಳೆಯುವ ದಿನಗಳನ್ನೇ. ಅದನ್ನು ಬರೆಯದೆ ಮೂವತ್ತು ದಿನಗಳನ್ನೂ ತಯಾರಿಕೆಗೆಂದು ಹಂಚಿಬಿಟ್ಟವನು ತಿಂಗಳ ಕೊನೆಗೆ ಎಲ್ಲರ ಮುಂದೆ ತಲೆತಗ್ಗಿಸಬೇಕಾಗುತ್ತದೆ.

ಮಾಧ್ವರ ಅಡಿಗೆಮನೆಯಲ್ಲಿ ಬೆಳೆದವರಿಗೆ ಈ ವಿಷಯದಲ್ಲಿ ಹೊಸದೇನೂ ಇಲ್ಲ. ಮುಸುರೆಯ ಕೈಯಿಂದ ಹಾಲು ಮೊಸರಿನ ಪಾತ್ರೆ ಮುಟ್ಟುವಂತಿಲ್ಲ. ಊಟವಾದ ಮೇಲೆ ಎಲೆ ತೆಗೆದು, ಗೋಮಯ ಹಚ್ಚಿ, ಆಮೇಲೆಯೇ ಆ ಸ್ಥಳದಲ್ಲಿ ಮತ್ತೊಂದು ಪಂಕ್ತಿ. ಹಸಿದವರು ಕಾಯುತ್ತಿದ್ದಾರೆಂದು ಯಾವ ಅಜ್ಜಿಯೂ ಗೋಮಯವನ್ನು ಬಿಟ್ಟುಬಿಡುತ್ತಿರಲಿಲ್ಲ. ಆ ಆಚಾರದ ಹಿಂದಿನ ಶಾಸ್ತ್ರದ ವಿಚಾರ ಬೇರೆಯೇ ಆದದ್ದು. ಅದು ಕಾರ್ಖಾನೆಯ ನಿಯಮಕ್ಕೆ ಹೋಲಿಕೆ ಮಾತ್ರ, ಸಮರ್ಥನೆಯಲ್ಲ.

ಪಾತ್ರೆಯಲ್ಲಿ ಶೇಷ ಉಳಿಯುವಂತೆ ಮನಸ್ಸಿನಲ್ಲಿಯೂ ಶೇಷ ಉಳಿಯುತ್ತದೆ. ಸೋಫಿ ಲೆರಾಯ್ ಎಂಬ ವಿದ್ವಾಂಸರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದಕ್ಕೆ ಅವಧಾನದ ಶೇಷವೆಂಬ ಅರ್ಥದ ಹೆಸರನ್ನೇ ಇಟ್ಟರು. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೊರಳಿದವರ ಬುದ್ಧಿಯ ಒಂದು ಪಾಲು ಹಿಂದಿನದರಲ್ಲೇ ಉಳಿದಿರುತ್ತದೆ, ಆದ್ದರಿಂದ ಎರಡನೆಯ ಕೆಲಸವೂ ಕೆಡುತ್ತದೆ ಎಂಬುದು ಅದರ ತಾತ್ಪರ್ಯ. ಸಭೆಯಲ್ಲಿ ಕುಳಿತು ಹಿಂದಿನ ಸಭೆಯ ಜಗಳವನ್ನು ಮನಸ್ಸಿನಲ್ಲಿಯೇ ಮುಂದುವರಿಸುವ ಅನುಭವ ಯಾರಿಗಿಲ್ಲ? ಕಾರ್ಖಾನೆಯಲ್ಲಿ ಶೇಷ ಪರೀಕ್ಷಿಸಲು ಪ್ರಯೋಗಾಲಯವಿದೆ. ಮನುಷ್ಯನಿಗೆ ಆ ಅನುಕೂಲವಿಲ್ಲದ್ದರಿಂದ ಅವನು ತೊಳೆಯದ ಪಾತ್ರೆಯಲ್ಲಿಯೇ ಮುಂದಿನದನ್ನು ಸುರಿಯುತ್ತಾನೆ, ಇಳುವರಿ ಏಕೆ ಕಡಿಮೆಯಾಯಿತೆಂದು ಆಶ್ಚರ್ಯಪಡುತ್ತಾನೆ.

ದಾಟುವ ವೆಚ್ಚವನ್ನು ಅರಿತು ವ್ಯವಸ್ಥೆಯನ್ನೇ ಬದಲಿಸಿದ ಮಹನೀಯರ ಉದಾಹರಣೆ ಉಡುಪಿಯಲ್ಲಿಯೇ ಇದೆ. ಅಷ್ಟಮಠಗಳ ನಡುವೆ ಶ್ರೀಕೃಷ್ಣಪೂಜೆಯ ಸರದಿಯು ಮೊದಲು ಎರಡೆರಡು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಶ್ರೀ ವಾದಿರಾಜ ಗುರುಸಾರ್ವಭೌಮರು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. 1522ರಿಂದ ಈ ಕ್ರಮ ನಡೆದುಬಂದಿದೆಯೆಂದು ಸಂಪ್ರದಾಯ. ಲೆಕ್ಕ ಹಾಕಿ ನೋಡಬಹುದು. ಎರಡು ತಿಂಗಳ ಕ್ರಮದಲ್ಲಿ ಎಂಟು ಮಠಗಳ ಸುತ್ತು ಹದಿನಾರು ತಿಂಗಳಿಗೆ ಮುಗಿಯುತ್ತಿತ್ತು. ಒಬ್ಬ ಯತಿಗಳಿಗೆ ನಡುವೆ ದೊರೆಯುತ್ತಿದ್ದುದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ದೂರದೇಶಕ್ಕೆ ಹೋಗಿ ಪಾಠ ಪ್ರವಚನ ಮಾಡಿ ಹಿಂದಿರುಗುವುದು ಕಾಲ್ನಡಿಗೆಯ ಆ ಕಾಲದಲ್ಲಿ ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಎರಡು ವರ್ಷದ ಕ್ರಮದಲ್ಲಿ ಸುತ್ತು ಹದಿನಾರು ವರ್ಷ, ನಡುವಿನ ಬಿಡುವು ಹದಿನಾಲ್ಕು ವರ್ಷ. ಅನ್ನದಾನದ ವ್ಯವಸ್ಥೆ, ಪರಿಚಾರಕರು, ದವಸಧಾನ್ಯ ಇವೆಲ್ಲವೂ ಒಂದು ಹದಕ್ಕೆ ಬರುವಷ್ಟರಲ್ಲಿ ಕೈಬದಲಾಯಿಸಬೇಕಾದ ತೊಡಕೂ ತಪ್ಪಿತು. ಇಷ್ಟು ದೀರ್ಘವಾದ ಕಾಯುವಿಕೆಯೂ ಒಂದು ಬೆಲೆಯೇ ಸರಿ. ಜೀವಮಾನದಲ್ಲಿ ನಾಲ್ಕೈದು ಪರ್ಯಾಯಗಳನ್ನು ನಡೆಸಿದವರು ವಿರಳ. ಆದರೂ ಐದು ಶತಮಾನಗಳ ಕಾಲ ಈ ಕ್ರಮ ನಿಂತಿದೆ.

ಪರ್ಯಾಯದ ಸಿದ್ಧತೆಯೂ ಇಷ್ಟೇ ವಿಚಾರಾರ್ಹ. ಪೀಠವೇರಲಿರುವ ಮಠದವರು ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ಮಾಡುತ್ತಾರೆ. ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಅನ್ನದಾನಕ್ಕೆ ಅತಿ ಮುಖ್ಯವಾದದ್ದು ಅಕ್ಕಿ; ಹಾಗಿದ್ದೂ ಮೊದಲು ಬಾಳೆಗೇಕೆ ಪ್ರಾಶಸ್ತ್ಯ? ಏಕೆಂದರೆ ಬಾಳೆಯ ಗಿಡ ಯಾರ ಅವಸರಕ್ಕೂ ಬೆಳೆಯುವುದಿಲ್ಲ. ಇಂದು ನೆಟ್ಟರೆ ಗೊನೆ ಬಿಡಲು ವರ್ಷದ ಹತ್ತಿರ ಬೇಕು. ಕಟ್ಟಿಗೆಯೂ ಒಣಗಲು ತನ್ನದೇ ಕಾಲವನ್ನು ತೆಗೆದುಕೊಳ್ಳುತ್ತದೆ. ಮುಹೂರ್ತಗಳಿಗಿರುವ ಧಾರ್ಮಿಕ ಮಹತ್ವ ಹಾಗಿರಲಿ, ಲೌಕಿಕವಾಗಿ ನೋಡಿದರೂ ಇದರಲ್ಲಿ ಒಂದು ಜಾಣ್ಮೆಯಿದೆ: ಕಾಯುವಿಕೆ ಹೆಚ್ಚಾಗಿರುವ ಕೆಲಸವನ್ನು ಮೊದಲು ಆರಂಭಿಸಿ, ಅದು ತಾನಾಗಿ ಬೆಳೆಯುತ್ತಿರುವಾಗ ಉಳಿದವನ್ನು ಮಾಡುವುದು. ಜೀಡಿಮೆಟ್ಲಾದಲ್ಲಿ ಹೊರದೇಶದಿಂದ ಬರಬೇಕಾದ ಬಿಡಿಭಾಗಕ್ಕೆ ಮೊದಲೇ ಆದೇಶ ಕಳುಹಿಸಿ, ಅದು ಹಡಗಿನಲ್ಲಿರುವಾಗ ಅಡಿಪಾಯ ತೋಡಿಸುವ ಎಂಜಿನಿಯರ್ ಮಾಡುವುದೂ ಇದನ್ನೇ. ಅದನ್ನು ಮರೆತು ಕೈಗೆ ಸುಲಭವಾದುದನ್ನು ಮೊದಲು ಮಾಡಿದವನಿಗೆ ಕೊನೆಯಲ್ಲಿ ಎಲ್ಲ ಸಿದ್ಧವಿದ್ದರೂ ಬಾಳೆಯೊಂದು ಇರುವುದಿಲ್ಲ.

ಇನ್ನು ಏಕಕಾಲದಲ್ಲಿ ಎಂಟು ಕಡೆ ಬುದ್ಧಿಯನ್ನಿಡುವವರ ಮಾತಿಗೆ ಬರಬಹುದು. ತೆಲುಗುನಾಡಿನಲ್ಲಿ ನೆಲೆಸಿರುವ ಈ ಸಭೆಗೆ ಅಷ್ಟಾವಧಾನ ಅಪರಿಚಿತವಲ್ಲ. ತಿರುಪತಿ ವೆಂಕಟ ಕವಿಗಳೆಂದು ಪ್ರಸಿದ್ಧರಾದ ಜೋಡಿ ಕವಿಗಳ ಕಾಲದಿಂದ ಈ ಕಲೆಗೆ ಇಲ್ಲಿ ದೊಡ್ಡ ಮನ್ನಣೆಯಿದೆ. ಕನ್ನಡದಲ್ಲಿ ಶತಾವಧಾನಿ ಡಾ. ಆರ್. ಗಣೇಶರು ಇದಕ್ಕೆ ಮರುಜೀವ ಕೊಟ್ಟು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ. ಎಂಟು ಮಂದಿ ಪೃಚ್ಛಕರು ಸುತ್ತಲೂ ಕುಳಿತಿರುತ್ತಾರೆ. ಒಬ್ಬರು ನಿಷೇಧಾಕ್ಷರಿಯಲ್ಲಿ ಅಕ್ಷರ ಅಕ್ಷರಕ್ಕೂ ತಡೆಯೊಡ್ಡುತ್ತಾರೆ, ಒಬ್ಬರು ಸಮಸ್ಯೆಯನ್ನು ಕೊಡುತ್ತಾರೆ, ಒಬ್ಬರು ಸಂಬಂಧವಿಲ್ಲದ ನಾಲ್ಕು ಪದಗಳನ್ನಿತ್ತು ಪದ್ಯವಾಗಬೇಕೆನ್ನುತ್ತಾರೆ, ಇನ್ನೊಬ್ಬರು ಸಂಖ್ಯಾಬಂಧದ ಮನೆಗಳಿಗೆ ಅಂಕೆ ಕೇಳುತ್ತಾರೆ.

ನೋಡುವವರಿಗೆ ಅವಧಾನಿಯು ಎಂಟನ್ನೂ ಒಟ್ಟಿಗೆ ಮಾಡುತ್ತಿರುವಂತೆ ಕಾಣುತ್ತದೆ. ಸೂಕ್ಷ್ಮವಾಗಿ ಗಮನಿಸಿದರೆ ಅವರು ಯಾವ ಕ್ಷಣದಲ್ಲಿಯೂ ಎರಡು ಕೆಲಸ ಮಾಡುತ್ತಿರುವುದಿಲ್ಲ. ಮೊದಲನೆಯ ಪೃಚ್ಛಕರ ಪದ್ಯದ ಒಂದು ಪಾದವನ್ನು ಪೂರ್ಣಗೊಳಿಸಿ, ಅಲ್ಲಿಯೇ ಬಿಟ್ಟು, ಎರಡನೆಯವರ ಕಡೆ ತಿರುಗುತ್ತಾರೆ. ಒಂದು ಸುತ್ತಿಗೆ ಒಂದು ಪಾದ. ನಾಲ್ಕು ಸುತ್ತಿಗೆ ಪದ್ಯ. ಕೊನೆಯಲ್ಲಿ ಧಾರಣೆ, ಅಂದರೆ ಎಲ್ಲ ಪದ್ಯಗಳನ್ನೂ ಅನುಕ್ರಮವಾಗಿ ಒಪ್ಪಿಸುವುದು. ಅದ್ಭುತವಾದ ಸ್ಮರಣಶಕ್ತಿಯಿಲ್ಲದೆ ಇದು ಸಾಧ್ಯವಿಲ್ಲವೆಂಬುದು ನಿಜ. ಆದರೆ ಆ ಸ್ಮರಣಶಕ್ತಿಗೆ ಆಧಾರವಾಗಿ ನಿಂತಿರುವುದು ಪಾದದ ಕೊನೆ. ಪಾದವು ಛಂದಸ್ಸಿನಲ್ಲಿ ಮುಗಿದು ನಿಂತಿರುವುದರಿಂದ ಅದನ್ನು ಬಿಟ್ಟು ಹೋಗಬಹುದು, ಮರಳಿ ಬಂದಾಗ ಅದು ಇಟ್ಟಲ್ಲಿಯೇ ಇರುತ್ತದೆ. ಪಾದದ ನಡುವೆ, ಒಂದು ಗಣದ ಅರ್ಧದಲ್ಲಿ ಎದ್ದುಹೋದರೆ ಎಂಥ ಅವಧಾನಿಗೂ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಹೀಗಾಗಿ ಹಲವು ಕೆಲಸಗಳನ್ನು ಹೊತ್ತವನು ಕಲಿಯಬೇಕಾದುದು ಕೆಲಸವನ್ನು ಎಲ್ಲಿ ಬಿಡಬೇಕೆಂಬುದನ್ನು. ಎಲ್ಲಿ ಹಿಡಿಯಬೇಕೆಂಬುದು ಅದರಿಂದ ತಾನಾಗಿ ತಿಳಿಯುತ್ತದೆ.

ಎಂಟು ಮಂದಿಯಲ್ಲಿ ಅಪ್ರಸ್ತುತ ಪ್ರಸಂಗಿಯೂ ಒಬ್ಬರು. ಯಾವಾಗ ಬೇಕಾದರೂ ಬಾಯಿಹಾಕಿ ಏನು ಬೇಕಾದರೂ ಕೇಳುವ ಅಧಿಕಾರ ಅವರಿಗಿದೆ. ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವರ ನಿಯೋಗ. ಕೈಗಾರಿಕಾ ವಸಾಹತಿನ ಗೃಹಸ್ಥರಿಗೆ ಈ ಪಾತ್ರಧಾರಿಯನ್ನು ಪರಿಚಯಿಸಬೇಕಾಗಿಲ್ಲ, ಅವರು ಅಂಗಿಯ ಜೇಬಿನಲ್ಲಿಯೇ ಇರುತ್ತಾರೆ. ವ್ಯತ್ಯಾಸವೊಂದೇ. ಅವಧಾನದಲ್ಲಿ ಅಂಥವರು ಒಬ್ಬರು ಮಾತ್ರ, ಉಳಿದವರಲ್ಲಿ ಹೆಚ್ಚಿನವರು ತಮ್ಮ ಸರದಿಯವರೆಗೆ ಸುಮ್ಮನಿರುತ್ತಾರೆ. ಕಚೇರಿಯಲ್ಲಿ ಎಂಟು ಮಂದಿಯೂ ಅಪ್ರಸ್ತುತ ಪ್ರಸಂಗಿಗಳಾದರೆ ಡಾ. ಗಣೇಶರಂಥವರೂ ಪದ್ಯ ಮುಗಿಸಲಾರರು.

ಬಿಡುವ ಸ್ಥಳದ ವಿಚಾರದಲ್ಲಿ ಜೀಡಿಮೆಟ್ಲಾದ ಕಾರ್ಮಿಕನ ಅನುಭವ ಇನ್ನೂ ಗಂಭೀರವಾದುದು. ಅವನಿಗೆ ಅದು ಪ್ರಾಣದ ಪ್ರಶ್ನೆ. ರಸಾಯನ ಕ್ರಿಯೆಗಳಲ್ಲಿ ಕೆಲವು ಉಷ್ಣವನ್ನು ಹೊರಸೂಸುವಂಥವು. ಅಂಥ ಕ್ರಿಯೆಯಲ್ಲಿ ಒಂದು ದ್ರವ್ಯವನ್ನು ರಿಯಾಕ್ಟರಿಗೆ ಹನಿಹನಿಯಾಗಿ ಸೇರಿಸಬೇಕು. ಒಳಗಿನ ಕಲಕು ಯಂತ್ರ ತಿರುಗುತ್ತಲೇ ಇರಬೇಕು. ಹೊರಗವಚದಲ್ಲಿ ತಣ್ಣನೆಯ ಬ್ರೈನ್ ಹರಿಯುತ್ತಿರಬೇಕು. ಕಲಕು ಯಂತ್ರ ನಿಂತದ್ದನ್ನು ಗಮನಿಸದೆ ಸೇರಿಸುತ್ತಲೇ ಹೋದರೆ ಸೇರಿಸಿದ್ದು ಕ್ರಿಯೆಗೊಳಗಾಗದೆ ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ. ಆಮೇಲೆ ಯಂತ್ರವನ್ನು ಮತ್ತೆ ತಿರುಗಿಸಿದ ಕ್ಷಣದಲ್ಲಿ ಅದೆಲ್ಲವೂ ಒಮ್ಮೆಲೇ ಸೇರಿ ಉಷ್ಣವೂ ಒತ್ತಡವೂ ಕೈಮೀರುತ್ತವೆ. ಆದ್ದರಿಂದ ಸೇರಿಸುವ ಆ ಒಂದೆರಡು ಗಂಟೆಗಳಲ್ಲಿ ಅಲ್ಲಿ ನಿಂತವನು ಕದಲಬಾರದು, ಅವನನ್ನು ಬೇರೆ ರಿಯಾಕ್ಟರಿನ ಕೆಲಸಕ್ಕೆ ಕರೆಯಲೂ ಬಾರದು. ಅದೇ ಮನುಷ್ಯ ಬೇರೆ ಹಂತಗಳಲ್ಲಿ, ಉದಾಹರಣೆಗೆ ದ್ರಾವಣವು ನಿಧಾನವಾಗಿ ತಣಿದು ಹರಳುಗಟ್ಟುವಾಗ, ಮೂರು ಪಾತ್ರೆಗಳನ್ನು ಒಟ್ಟಿಗೆ ನೋಡಿಕೊಳ್ಳಬಲ್ಲನು. ಮಧ್ಯಂತರ ದ್ರವ್ಯವೊಂದನ್ನು ಎಷ್ಟು ಗಂಟೆ ಹಾಗೆಯೇ ಇಟ್ಟಿರಬಹುದೆಂಬುದನ್ನು ಪರೀಕ್ಷೆಯಿಂದ ನಿಶ್ಚಯಿಸಿ ಬ್ಯಾಚಿನ ದಾಖಲೆಯಲ್ಲಿ ಬರೆದಿರುತ್ತಾರೆ. ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದು ಅಲ್ಲಿ ಕಾಗದದ ಮೇಲೆ ಇದೆ.

ಕಚೇರಿಯ ಕೆಲಸಗಳಲ್ಲಿಯೂ ಮನೆಯ ಕೆಲಸಗಳಲ್ಲಿಯೂ ಹೀಗೆ ಎರಡು ಬಗೆಯವಿವೆ, ಆದರೆ ಯಾರೂ ಬರೆದಿಟ್ಟಿಲ್ಲ. ಲೆಕ್ಕಪತ್ರದ ತಾಳೆ ನೋಡುವುದನ್ನು ಅರ್ಧಕ್ಕೆ ಬಿಡಬಹುದು, ಗುರುತು ಹಾಕಿದ್ದರೆ ಸಾಕು. ಒಬ್ಬ ಕೈಕೆಳಗಿನವನು ತನ್ನ ಕಷ್ಟ ಹೇಳಿಕೊಳ್ಳುತ್ತಿರುವಾಗ ಬಂದ ಫೋನನ್ನು ಎತ್ತಿದರೆ ಅದು ಮತ್ತೆ ಅಲ್ಲಿಂದಲೇ ಆರಂಭವಾಗುವುದಿಲ್ಲ. ವಯಸ್ಸಾದ ತಂದೆಯವರು ವೈದ್ಯರ ಮುಂದೆ ಕುಳಿತಿರುವ ಹತ್ತು ನಿಮಿಷವೂ ಹನಿಹನಿಯಾಗಿ ಸೇರಿಸುವ ಹೊತ್ತೇ. ಔಷಧ ಕ್ಷೇತ್ರದಲ್ಲಿ ಇನ್ನೂ ಒಂದು ವರ್ಗವಿದೆ. ಪೆನಿಸಿಲಿನ್‌ನಂಥ ದ್ರವ್ಯವನ್ನು ಎಷ್ಟು ತೊಳೆದರೂ ಬೇರೆ ಔಷಧಗಳ ಜೊತೆ ಒಂದೇ ಕಟ್ಟಡದಲ್ಲಿ ಮಾಡಲು ನಿಯಮ ಒಪ್ಪುವುದಿಲ್ಲ. ಅದು ಒಗ್ಗದ ರೋಗಿಗೆ ಅದರ ಲೇಶಮಾತ್ರವೂ ಪ್ರಾಣಾಂತಿಕವಾಗಬಹುದಾದ್ದರಿಂದ ಅದಕ್ಕೆ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಗಾಳಿಯ ವ್ಯವಸ್ಥೆ. ಬದುಕಿನಲ್ಲಿ ಯಾವುದಕ್ಕೆ ಪ್ರತ್ಯೇಕ ಕಟ್ಟಡ ಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ತಾನೇ ತೀರ್ಮಾನಿಸಿಕೊಳ್ಳಬೇಕು. ಸಂಧ್ಯಾವಂದನೆಯ ಕಾಲು ಗಂಟೆಯನ್ನು ಹಾಗೆ ಕಾಯ್ದುಕೊಂಡ ಮನೆಗಳು ಈ ಊರಿನಲ್ಲಿ ಇನ್ನೂ ಇವೆ.

ಒಬ್ಬ ವ್ಯಕ್ತಿಯ ಮಟ್ಟ ಬಿಟ್ಟು ಸಂಸ್ಥೆಯ ಮಟ್ಟಕ್ಕೆ ಹೋದರೆ, ಹಲವು ಯೋಜನೆಗಳನ್ನು ಒಟ್ಟಿಗೆ ನಡೆಸಿದ ಅತಿ ಪ್ರಸಿದ್ಧವಾದ ಉದಾಹರಣೆ ಇದೇ ಹೈದರಾಬಾದಿನ ಇನ್ನೊಂದು ಮೂಲೆಯಲ್ಲಿ, ಕಂಚನ್‌ಬಾಗ್‌ನಲ್ಲಿದೆ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು 1982ರಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿ ಬಂದರು. ಕ್ಷಿಪಣಿಗಳನ್ನು ಒಂದಾದ ಮೇಲೊಂದರಂತೆ ಹಂತಹಂತವಾಗಿ ತಯಾರಿಸುವ ಯೋಜನೆಯೊಂದನ್ನು ಅವರು ಡಾ. ವಿ.ಎಸ್. ಅರುಣಾಚಲಂ ಅವರೊಡನೆ ರಕ್ಷಣಾ ಸಚಿವರಾಗಿದ್ದ ಆರ್. ವೆಂಕಟರಾಮನ್ ಅವರ ಮುಂದಿಟ್ಟರು. ಹಂತಗಳು ಬೇಡ, ಎಲ್ಲವನ್ನೂ ಒಟ್ಟಿಗೆ ಸಮಗ್ರ ಕಾರ್ಯಕ್ರಮವಾಗಿ ಕೈಗೊಳ್ಳಿ ಎಂದು ಸಚಿವರು ಸೂಚಿಸಿದರು. ಇಬ್ಬರೂ ರಾತ್ರಿಯೆಲ್ಲ ಕುಳಿತು ಯೋಜನೆಯನ್ನು ಹೊಸದಾಗಿ ಬರೆದರು. ಆ ದಿನವೇ ಸಂಜೆ ರಾಮೇಶ್ವರದಲ್ಲಿ ಕುಟುಂಬದವರೊಬ್ಬರ ಮದುವೆಯೆಂಬುದು ಕಲಾಂ ಅವರಿಗೆ ನೆನಪಾದದ್ದು ಬಹಳ ತಡವಾಗಿ. ವಿಷಯ ತಿಳಿದ ಸಚಿವರು ವಾಯುಪಡೆಯ ಹೆಲಿಕಾಪ್ಟರಿನ ಏರ್ಪಾಡು ಮಾಡಿಸಿದ್ದರಿಂದ ಮದುವೆಗೆ ತಲುಪಲು ಸಾಧ್ಯವಾಯಿತೆಂದು ಅವರ ಆತ್ಮಕಥನದಲ್ಲಿದೆ. ಎಲ್ಲರ ಮನೆಯ ಮದುವೆಗೂ ಹೆಲಿಕಾಪ್ಟರ್ ಬರುವುದಿಲ್ಲ. ಐದು ಕ್ಷಿಪಣಿಗಳ ಯೋಜನೆ ರೂಪಿಸಬಲ್ಲ ಬುದ್ಧಿಗೂ ಒಂದು ಮದುವೆ ಜಾರಿಹೋಗುತ್ತದೆ ಎಂಬುದು ಮಾತ್ರ ಇಲ್ಲಿ ಗ್ರಹಿಸತಕ್ಕದ್ದು.

388 ಕೋಟಿ ರೂಪಾಯಿಗಳ ಆ ಕಾರ್ಯಕ್ರಮ 1983ರ ಜುಲೈಯಲ್ಲಿ ಆರಂಭವಾಯಿತು. ಪೃಥ್ವಿ, ತ್ರಿಶೂಲ್, ಆಕಾಶ್, ನಾಗ್, ಅಗ್ನಿ ಎಂಬ ಐದಕ್ಕೂ ಒಬ್ಬೊಬ್ಬ ಯೋಜನಾ ನಿರ್ದೇಶಕರು. ಪೃಥ್ವಿಗೆ ಸೇನೆಯಿಂದ ಬಂದ ಕರ್ನಲ್ ಸುಂದರಂ, ಅಗ್ನಿಗೆ ಆರ್.ಎನ್. ಅಗರ್ವಾಲ್, ಆಕಾಶ್‌ಗೆ ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿದ್ದ ಪ್ರಹ್ಲಾದ ರಾಮರಾವ್. ಐದನ್ನೂ ಕಲಾಂ ಅವರೇ ಮಾಡಿದರೆಂಬುದು ಜನಜನಿತವಾದ ಮಾತು; ವಾಸ್ತವವಾಗಿ ಒಂದೊಂದನ್ನೂ ಒಬ್ಬೊಬ್ಬರು ಇಡಿಯಾಗಿ ಹೊತ್ತಿದ್ದರು. ಕಲಾಂ ಅವರ ಪಾಲಿಗೆ ಉಳಿದದ್ದು ಐದಕ್ಕೂ ಸಮಾನವಾದ ಇಕ್ಕಟ್ಟಿನ ದಾರಿಗಳನ್ನು ಕಾಯುವುದು. ಪರೀಕ್ಷಾ ಸ್ಥಳ, ಗಣಕಯಂತ್ರ, ಮಾರ್ಗದರ್ಶಕ ವ್ಯವಸ್ಥೆಯ ಪ್ರಯೋಗಾಲಯ ಇವು ಐದಕ್ಕೂ ಬೇಕಾದವು. ಜೀಡಿಮೆಟ್ಲಾದಲ್ಲಿಯೂ ಇದೇ ಸ್ಥಿತಿ: ಹತ್ತು ರಿಯಾಕ್ಟರುಗಳಿದ್ದು ಡ್ರೈಯರ್ ಒಂದೇ ಇದ್ದರೆ ಕಾರ್ಖಾನೆಯ ವೇಗವೆಂದರೆ ಡ್ರೈಯರಿನ ವೇಗ. ಹಲವು ಘಟಕಗಳ ತ್ಯಾಜ್ಯನೀರು ಟ್ಯಾಂಕರುಗಳಲ್ಲಿ ಹೋಗಿ ಸೇರುವ ಸಾಮೂಹಿಕ ಸಂಸ್ಕರಣಾ ಘಟಕವೂ ಅಂಥದೊಂದು ಇಕ್ಕಟ್ಟೇ. ಮನೆಗಳಲ್ಲಿ ಆ ಡ್ರೈಯರ್ ಯಾರೆಂದು ಕೇಳಿದರೆ ಬಹುಪಾಲು ಗೃಹಿಣಿಯ ಕಡೆಗೇ ಕೈ ತೋರಿಸಬೇಕಾಗುತ್ತದೆ. ಯಜಮಾನರ ಮೂರು ಯೋಜನೆ, ಮಕ್ಕಳ ಎರಡು ಪರೀಕ್ಷೆ, ಅತ್ತೆಯವರ ಮಡಿ ಎಲ್ಲವೂ ಆಕೆಯ ಎರಡು ಕೈಗಳ ಮೂಲಕವೇ ಹಾಯಬೇಕು. ಆದರೂ ಪಟ್ಟಿ ಮಾಡುವಾಗ ಆಕೆಯನ್ನು ಯಾರೂ ಕೇಳುವುದಿಲ್ಲ.

ಐದು ಕ್ಷಿಪಣಿಗಳ ಗತಿಯೂ ಒಂದೇ ಆಗಲಿಲ್ಲ. ಮೊದಲು ಹಾರಿದ್ದು ತ್ರಿಶೂಲ್, 1985ರಲ್ಲಿ. ಪೃಥ್ವಿ 1988ರ ಫೆಬ್ರವರಿ 25ರಂದು ಹಾರಿತು. ಅಗ್ನಿಯ ಉಡಾವಣೆ 1989ರ ಏಪ್ರಿಲಿನಲ್ಲಿಯೂ ಮೇ ಆರಂಭದಲ್ಲಿಯೂ ಕೊನೆಯ ಕ್ಷಣಗಳಲ್ಲಿ ನಿಂತು, ಮೇ 22ರಂದು ಯಶಸ್ವಿಯಾಯಿತು. ಆಕಾಶ್ ಮತ್ತು ನಾಗ್‌ಗಳ ಮೊದಲ ಹಾರಾಟ 1990ರಲ್ಲಿ. ಆಕಾಶ್ ಸೇನೆಯನ್ನೂ ವಾಯುಪಡೆಯನ್ನೂ ವಿಧ್ಯುಕ್ತವಾಗಿ ಸೇರಿದ್ದು 2015ರಲ್ಲಿ. ಎಲ್ಲರಿಗಿಂತ ಮೊದಲು ಹಾರಿದ ತ್ರಿಶೂಲ್ 2008ರಲ್ಲಿ ನಿಂತೇಹೋಯಿತು. ಇದನ್ನು ಸೋಲೆಂದು ಎಣಿಸುವವರಿದ್ದಾರೆ. ಐದು ಕೆಲಸಗಳಲ್ಲಿ ಒಂದನ್ನು ಕೈಬಿಡುವ ಧೈರ್ಯವೂ ನಿರ್ವಹಣೆಯ ಭಾಗವೇ ಎಂದು ಎಣಿಸುವುದು ಹೆಚ್ಚು ನ್ಯಾಯವಾದೀತು. ಆ ನಿರ್ಧಾರಕ್ಕೆ ಇಪ್ಪತ್ತೈದು ವರ್ಷ ಹಿಡಿದದ್ದು ಮಾತ್ರ ದೀರ್ಘವಾಯಿತು. ಗೃಹಸ್ಥರ ಕಪಾಟುಗಳಲ್ಲಿಯೂ ಒಂದೊಂದು ತ್ರಿಶೂಲ್ ಇರುತ್ತದೆ: ಅರ್ಧ ಕಟ್ಟಿ ಬಿಟ್ಟ ನಿವೇಶನ, ಸೇರಿಕೊಂಡು ಹೋಗದ ತರಗತಿ, ಒಪ್ಪಿಕೊಂಡು ಮಾಡದ ಸಂಘದ ಕಾರ್ಯದರ್ಶಿತ್ವ. ನಡೆಯುತ್ತಿಲ್ಲ, ನಿಂತೂ ಇಲ್ಲ. ಮನಸ್ಸಿನಲ್ಲಿ ಜಾಗ ಹಿಡಿದಿರುತ್ತದೆ.

ಮುಗಿಯದ ಕೆಲಸ ಹೀಗೆ ಜಾಗ ಹಿಡಿಯುವುದಕ್ಕೆ ಸುಲಭವಾದ ಒಂದು ಉಪಾಯವಿರುವುದನ್ನು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದರು. ಕೆಲಸ ಮುಗಿಯಬೇಕೆಂದೇನಿಲ್ಲ, ಅದನ್ನು ಯಾವಾಗ, ಹೇಗೆ ಮುಂದುವರಿಸುವುದೆಂದು ನಿರ್ದಿಷ್ಟವಾಗಿ ಯೋಜಿಸಿಟ್ಟರೆ ಸಾಕು, ಅದು ನಡುನಡುವೆ ಬಂದು ಕಾಡುವುದು ಕಡಿಮೆಯಾಗುತ್ತದೆ. ಬರೆದಿಡುವ ಈ ವಿದ್ಯೆಗೆ ಹೈದರಾಬಾದಿನಲ್ಲಿ ಕನ್ನಡಿಗರೊಬ್ಬರ ದೊಡ್ಡ ಸಾಕ್ಷಿಯಿದೆ. 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹದ ನಂತರ ನಿಜಾಮ ಸರ್ಕಾರದ ಆಹ್ವಾನದ ಮೇಲೆ 1909ರಲ್ಲಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿದ್ದದ್ದು ಕೆಲವೇ ತಿಂಗಳು. ಅದೇ ವರ್ಷದ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಇತ್ತ ಉಸ್ಮಾನ್‌ಸಾಗರ 1920ರಲ್ಲಿಯೂ ಹಿಮಾಯತ್‌ಸಾಗರ 1927ರಲ್ಲಿಯೂ ಪೂರ್ಣಗೊಂಡವು. ಅವರು ಬಿಟ್ಟುಹೋದ ವರದಿಯ ಆಧಾರದ ಮೇಲೆ ಬೇರೆ ಕೈಗಳು ಆ ಜಲಾಶಯಗಳನ್ನು ಕಟ್ಟಿದವು. ಹೋಗುವವರು ಕೆಲಸವನ್ನು ಪಾದದ ಕೊನೆಯಲ್ಲಿ ಬಿಟ್ಟಿದ್ದರು.

ಜೀಡಿಮೆಟ್ಲಾದ ಪಾಳಿ ಬದಲಾಗುವ ಹೊತ್ತಿಗೆ ಈ ಎಲ್ಲ ವಿಚಾರ ಒಂದೇ ಪುಟಕ್ಕೆ ಇಳಿಯುತ್ತದೆ. ಹೋಗುವವನು ಲಾಗ್ ಪುಸ್ತಕದಲ್ಲಿ ಬರೆಯಬೇಕು: ಯಾವ ರಿಯಾಕ್ಟರಿನಲ್ಲಿ ಯಾವ ಬ್ಯಾಚ್, ಯಾವ ಹಂತ, ಉಷ್ಣಾಂಶ ಎಷ್ಟು, ಮುಂದೆ ಮಾಡಬೇಕಾದುದೇನು, ಯಾವ ಕವಾಟ ಕೆಟ್ಟಿದೆ. ಬರುವವನು ಓದಿ ಸಹಿ ಹಾಕಬೇಕು. ಅವಸರದಲ್ಲಿ "ಎಲ್ಲ ಸರಿಯಿದೆ" ಎಂದಷ್ಟೇ ಬರೆದು ಬಸ್ಸು ಹಿಡಿದವನು ಮನೆಗೆ ಹೋದರೂ ಕಾರ್ಖಾನೆಯಲ್ಲಿಯೇ ಇರುತ್ತಾನೆ. ಊಟದ ನಡುವೆ ಫೋನು ಬರುವುದು ಅವನಿಗೇ. ಐದು ಸಾಲು ಸರಿಯಾಗಿ ಬರೆದವನಿಗೆ ಅದು ಬರುವ ಸಂಭವ ಕಡಿಮೆ.

ಉಡುಪಿಯಲ್ಲಿ ಪರ್ಯಾಯದ ಜನವರಿ 18ರ ಬೆಳಗಿನ ಜಾವ ನಡೆಯುವ ಹಸ್ತಾಂತರವನ್ನು ಕಂಡವರು ಈ ಸಭೆಯಲ್ಲಿ ಹಲವರಿದ್ದಾರೆ. ನಿರ್ಗಮಿಸುವ ಶ್ರೀಪಾದರು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೀಲಿಕೈಯನ್ನೂ ಬರುವ ಶ್ರೀಪಾದರ ಕೈಗಿತ್ತು, ಅವರನ್ನು ಸರ್ವಜ್ಞಪೀಠದಲ್ಲಿ ಕುಳ್ಳಿರಿಸುತ್ತಾರೆ. ಎರಡು ವರ್ಷ ಹಗಲಿರುಳೂ ಹೊತ್ತ ಹೊಣೆ ಆ ಮೂರು ವಸ್ತುಗಳೊಡನೆ ಪೂರ್ತಿಯಾಗಿ ಕೈಬದಲಾಗುತ್ತದೆ.

|| ಶ್ರೀಕೃಷ್ಣಾರ್ಪಣಮಸ್ತು ||